ಕೋಲಾರ ಸೀಮೆಯ ಕೆರೆ ಬಾವಿಗಳು



ನೀರಿನ ಚರಿತ್ರೆಯೆಂದರೆ ಮಹಾನದಿಗಳ, ದೊಡ್ಡ ಅಣೆಕಟ್ಟುಗಳ ಚರಿತ್ರೆಯೆಂದು ನಾವು ಸಾಮಾನ್ಯವಾಗಿ ಭಾವಿಸುವುದುಂಟು. ಜೀವನದಿಯ ಆಸರೆಯಿಲ್ಲದೆ ಶತಮಾನಗಳ ಕಾಲ ಬತ್ತ ಕಬ್ಬುಗಳನ್ನು ಬೆಳೆದ ಸೀಮೆಯೊಂದರ ವೃತ್ತಾಂತವನ್ನು ಈಗ ತಮ್ಮ ಮುಂದಿಡುತ್ತೇನೆ. ಅದು ಕೋಲಾರ, 2007ರಲ್ಲಿ ಚಿಕ್ಕಬಳ್ಳಾಪುರವು ಬೇರೆ ಜಿಲ್ಲೆಯಾಗುವುದಕ್ಕೆ ಮುಂಚಿನ ಅವಿಭಕ್ತ ಕೋಲಾರ.

ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿಗಳು ನಂದಿಬೆಟ್ಟದ ಸುತ್ತಿನಲ್ಲಿಯೇ ಹುಟ್ಟುವುವು. ಆದರೂ ಅವುಗಳಲ್ಲಿ ವರ್ಷವೆಲ್ಲ ಹರಿಯುವುದು ಒಂದೂ ಇಲ್ಲ. ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರು. ನೆಲದಡಿಯಲ್ಲಿರುವುದು ಗಟ್ಟಿ ಬಂಡೆ. ಅದರ ಶಿಥಿಲವಾದ ಮೇಲ್ಪದರದಲ್ಲಿಯೂ ಬಿರುಕುಗಳಲ್ಲಿಯೂ ಮಾತ್ರ ನೀರು ನಿಲ್ಲುವುದು. ಇಂಥ ನೆಲಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉಪಾಯವೇ ಕೆರೆ. ಸೀಮೆಯಲ್ಲಿ 4000ಕ್ಕೂ ಹೆಚ್ಚು ಕೆರೆಗಳಿದ್ದುವು. ಒಂದರ ಕೋಡಿಯ ನೀರು ಮುಂದಿನದಕ್ಕೆ ಸೇರುವಂತೆ ಅವು ಸರಪಣಿಯಾಗಿ ಹೆಣೆದುಕೊಂಡಿದ್ದುವು. ಕೆರೆಯನ್ನು ಕಟ್ಟಿದವರಿಗೂ ಕಾಪಾಡಿದವರಿಗೂ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಗೆ ಕಟ್ಟುಕೊಡಗೆಯೆಂದು ಹೆಸರು. ತೂಬನ್ನು ತೆರೆದು ಗದ್ದೆಗಳಿಗೆ ನೀರು ಹಂಚುವ ಕೆಲಸ ನೀರುಗಂಟಿಯದು.

ಸರಪಣಿಯ ಗುಣವೇ ಒಮ್ಮೊಮ್ಮೆ ಅದರ ಅಪಾಯವೂ ಆಗುತ್ತಿದ್ದಿತು. 1903ರ ನವೆಂಬರಿನಲ್ಲಿ ಮಹಾವೃಷ್ಟಿಯಿಂದ ಪಾಲಾರ್ ಕಣಿವೆಯ ಕೆರೆಗಳು ಸಾಲಾಗಿ ಒಡೆದು, ಕೆಳಗಿನ ಮದರಾಸು ಪ್ರಾಂತದ ವಾಣಿಯಂಬಾಡಿ ಪಟ್ಟಣವು ಪ್ರವಾಹಕ್ಕೆ ಸಿಕ್ಕಿ ಬಹಳ ಹಾನಿಗೊಂಡಿತು. ಮೇಲಿನವರ ಏರಿ ಭದ್ರವಾಗಿರುವುದು ಕೆಳಗಿನವರ ಪ್ರಾಣದ ಪ್ರಶ್ನೆಯೆಂಬುದನ್ನು ಆ ವರ್ಷ ತೋರಿಸಿಕೊಟ್ಟಿತು. ಇದಕ್ಕೆ ಮೊದಲೇ, 1892ರ ಮೈಸೂರು–ಮದರಾಸು ಒಪ್ಪಂದದಂತೆ, ಪಾಲಾರ್ ಮುಂತಾದ ನದಿಗಳಲ್ಲಿ ಮದರಾಸಿನ ಒಪ್ಪಿಗೆಯಿಲ್ಲದೆ ಹೊಸ ಜಲಾಶಯಗಳನ್ನು ಕಟ್ಟಲಾಗದೆಂದು ನಿಶ್ಚಯವಾಗಿದ್ದಿತು. ಆದುದರಿಂದ ಇದ್ದ ಕೆರೆಗಳೇ ಕೋಲಾರದ ಸರ್ವಸ್ವ.

ಕೆರೆಯಿಂದ ಗದ್ದೆಗೆ ಹರಿದ ನೀರನ್ನು ಎಲ್ಲರೂ ಕಂಡರು; ನೆಲಕ್ಕೆ ಇಳಿದ ನೀರನ್ನು ಕಂಡದ್ದು ಬಾವಿ. ಅಚ್ಚುಕಟ್ಟಿನ ತೆರೆದ ಬಾವಿಗಳಲ್ಲಿ ರೈತರು ಎತ್ತು ಕಟ್ಟಿ ಕಪಿಲೆ ಹೊಡೆಯುತ್ತಿದ್ದರು. ಎತ್ತಿನ ಶಕ್ತಿಗೆ ಮಿತಿಯುಂಟು; ಆ ಮಿತಿಯೇ ಬಾವಿಯ ರಕ್ಷಣೆಯಾಗಿದ್ದಿತು. ವಿದ್ಯುತ್ತಿನ ಪಂಪೂ ಆಮೇಲೆ ಕೊಳವೆ ಬಾವಿಯೂ ಬಂದಮೇಲೆ ಈ ಮಿತಿ ಹೋಯಿತು. ಕೆರೆಯ ನೀರು ಊರಿನದಾಗಿದ್ದರೆ, ಕೊಳವೆಯ ನೀರು ಅದನ್ನು ಕೊರೆಸಿದವನದಾಯಿತು. ಕೆರೆಯ ಹೂಳು ತೆಗೆಯುವ ಆಸಕ್ತಿ ಕುಗ್ಗಿತು, ಕಾಲುವೆ ಮುಚ್ಚಿತು, ಅಂಗಳ ಒತ್ತುವರಿಯಾಯಿತು. ಮೇಲಿನಿಂದ ಇಂಗುವುದು ಕಡಮೆಯಾದಂತೆಲ್ಲ ಕೆಳಗಿನಿಂದ ತೆಗೆಯುವುದು ಹೆಚ್ಚಿತು. ಸಾವಿರ ಅಡಿ ಕೊರೆದರೂ ನೀರು ಕಾಣದ ರೈತರುಂಟು. ಕಂಡ ನೀರಿನಲ್ಲಿಯೂ ಹಲವೆಡೆ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡು ಸೇರಿರುವುದು.

ಈ ವಿಷಯ ಹಳ್ಳಿಯದು, ಪಟ್ಟಣವಾಸಿಗಳಾದ ನಮಗೇನೆಂದು ಯಾರೂ ಹೇಳುವಂತಿಲ್ಲ. 2018ರ ಜೂನಿನಿಂದ ಬೆಂಗಳೂರಿನ ಬಳಸಿದ ನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ, ಕೋರಮಂಗಲ–ಚಲ್ಲಘಟ್ಟ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಅಂತರ್ಜಲವನ್ನು ತುಂಬುವುದೇ ಇದರ ಉದ್ದೇಶ. ಒಣಗಿದ್ದ ಕೆರೆಗಳು ತುಂಬಿದುದು ಸಂತೋಷವೇ. ಮೂರನೆಯ ಹಂತದ ಶುದ್ಧಿಯೂ ಬೇಕೆಂಬ ಬೇಡಿಕೆಯೂ ನ್ಯಾಯವಾದುದೇ. ಕೆರೆಗೆ ಬಿಟ್ಟದ್ದು ಬಾವಿಗೆ ಇಳಿಯದೆ ಇರದಷ್ಟೆ.

ಕೆರೆ ಬಾವಿಗಳು ಎರಡು ಸಂಪತ್ತುಗಳಲ್ಲ, ಒಂದೇ ನೀರಿನ ಎರಡು ಮುಖಗಳು. ಹಿಂದಿನವರು ಇದನ್ನು ಶಾಸ್ತ್ರವಾಗಿ ಬರೆದಿಡಲಿಲ್ಲವಾದರೂ ಕೆರೆಯನ್ನು ಕಾಯ್ದು ಬಾವಿಯನ್ನು ಉಳಿಸಿಕೊಂಡರು. ಇಂದು ನಮ್ಮ ಮನೆಯ ಬಚ್ಚಲಿನ ನೀರು ಯಾರದೋ ಬಾವಿಯ ಊಟೆಯಾಗುತ್ತಿರುವಾಗ, ಆ ಕಾವಲಿನಲ್ಲಿ ನಮಗೂ ಒಂದು ಪಾಲುಂಟು.