ಕಪ್ಪು ಕುಳಿಯ ಸುಳಿವು ಕೊಟ್ಟ ಕಬ್ಬಿಣದ ರೇಖೆ

ರೈಲು ಹತ್ತಿರ ಬರುವಾಗ ಅದರ ಸಿಳ್ಳಿನ ಸ್ಥಾಯಿ ಏರಿದಂತೆಯೂ ದೂರ ಸರಿಯುವಾಗ ಇಳಿದಂತೆಯೂ ಕೇಳಿಸುವುದನ್ನು ನೀವು ಗಮನಿಸಿರಬಹುದು. ಇದು ಡಾಪ್ಲರ್ ಪರಿಣಾಮ. ಕಪ್ಪು ಕುಳಿಯ ಅತಿ ಸಮೀಪದಲ್ಲಿ ಸುತ್ತುವ ದ್ರವ್ಯದ ವೇಗವನ್ನು ತಿಳಿಯಲು ನೆರವಾದದ್ದೂ ಇದೇ ಪರಿಣಾಮ.

ಕೆಲವು ಗೆಲಾಕ್ಸಿಗಳ ಕೇಂದ್ರ ಅಸಾಧಾರಣವಾಗಿ ಬೆಳಗುವುದನ್ನು 1943ರಲ್ಲಿ ಕಾರ್ಲ್ ಸೀಫರ್ಟ್ ವಿವರಿಸಿದರು. ಇಂಥ ಸಕ್ರಿಯ ಗೆಲಾಕ್ಸಿಗಳ ಕೇಂದ್ರದಲ್ಲಿ ಬೃಹತ್ ಕಪ್ಪು ಕುಳಿ ಇದೆ. ಅದರೊಳಕ್ಕೆ ಬೀಳುವ ಅನಿಲ ತಟ್ಟೆಯಾಕಾರದಲ್ಲಿ ಸುತ್ತುತ್ತದೆ. ತಟ್ಟೆಯ ಬಳಿಯ ಅತಿ ಬಿಸಿ ಎಲೆಕ್ಟ್ರಾನ್‌ಗಳಿಂದ ಬರುವ ಎಕ್ಸ್-ಕಿರಣಗಳು ತಟ್ಟೆಗೆ ಬಡಿದಾಗ ಅಲ್ಲಿನ ಕಬ್ಬಿಣದ ಪರಮಾಣುಗಳು 6.4 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಕ್ಸ್-ಕಿರಣವನ್ನು ಹೊಮ್ಮಿಸುತ್ತವೆ. ಕಬ್ಬಿಣವೇ ಏಕೆ? ಹಗುರ ಧಾತುಗಳು ಇಂಥ ಸಂದರ್ಭದಲ್ಲಿ ಹೆಚ್ಚಾಗಿ ಎಲೆಕ್ಟ್ರಾನನ್ನು ಹೊರಹಾಕುತ್ತವೆ; ಕಬ್ಬಿಣ ಎಕ್ಸ್-ಕಿರಣ ಹೊಮ್ಮಿಸುವ ಸಾಧ್ಯತೆ ಅವುಗಳಿಗಿಂತ ಹೆಚ್ಚು. ವಿಶ್ವದಲ್ಲಿ ಅದರ ಪ್ರಮಾಣವೂ ಸಾಕಷ್ಟಿದೆ.

ಈ ರೇಖೆ ಹೇಗೆ ಕಾಣಬೇಕೆಂದು 1989ರಲ್ಲಿ ಫೇಬಿಯನ್, ರೀಸ್, ಸ್ಟೆಲ್ಲಾ ಮತ್ತು ವೈಟ್ ಲೆಕ್ಕ ಹಾಕಿದರು. ತಟ್ಟೆಯಲ್ಲಿ ನಮ್ಮತ್ತ ಬರುವ ಭಾಗ ರೇಖೆಯನ್ನು ಹೆಚ್ಚು ಶಕ್ತಿಯ ಕಡೆಗೂ ದೂರ ಸರಿಯುವ ಭಾಗ ಕಡಿಮೆ ಶಕ್ತಿಯ ಕಡೆಗೂ ಎಳೆಯುತ್ತದೆ. ಕಪ್ಪು ಕುಳಿಯ ಗುರುತ್ವದಿಂದ ಹೊರಬರುವಾಗ ಕಿರಣಗಳು ಶಕ್ತಿ ಕಳೆದುಕೊಳ್ಳುವುದರಿಂದ ಕಡಿಮೆ ಶಕ್ತಿಯ ಕಡೆ ಉದ್ದನೆಯ ಬಾಲ ಮೂಡುತ್ತದೆ.

1987ರಲ್ಲಿ ಹಾರಿದ ಜಪಾನಿನ ಗಿಂಗಾ ಉಪಗ್ರಹ ಸೀಫರ್ಟ್ ಗೆಲಾಕ್ಸಿಗಳಲ್ಲಿ ಕಬ್ಬಿಣದ ರೇಖೆಯನ್ನು ಕಂಡಿತು. ಆದರೆ ರೇಖೆಯ ಆಕಾರವನ್ನು ಬಿಡಿಸಿ ತೋರಿಸುವಷ್ಟು ಸೂಕ್ಷ್ಮತೆ ಅದಕ್ಕಿರಲಿಲ್ಲ. 1993ರಲ್ಲಿ ಹಾರಿದ ಆಸ್ಕಾ ಉಪಗ್ರಹದಲ್ಲಿ ಸಿಸಿಡಿ ಸಂವೇದಕಗಳಿದ್ದವು. ಅದು 1994ರ ಜುಲೈಯಲ್ಲಿ ಎಂಸಿಜಿ-6-30-15 ಎಂಬ ಗೆಲಾಕ್ಸಿಯನ್ನು ನಾಲ್ಕು ದಿನಗಳಿಗೂ ಹೆಚ್ಚು ಕಾಲ ವೀಕ್ಷಿಸಿತು. ರೇಖೆ 5 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಿಂತ ಕೆಳಕ್ಕೂ ಚಾಚಿತ್ತು! ಅನಿಲದ ವೇಗ ಸೆಕೆಂಡಿಗೆ ಸುಮಾರು 1 ಲಕ್ಷ ಕಿ.ಮೀ., ಅಂದರೆ ಬೆಳಕಿನ ವೇಗದ ಮೂರನೇ ಒಂದು ಭಾಗ. ಯಸುವೊ ತನಾಕ ಮತ್ತು ಸಂಗಡಿಗರು ಇದನ್ನು 1995ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಎಲ್ಲರೂ ಇದನ್ನು ಒಪ್ಪಲಿಲ್ಲ. ದಾರಿಗೆ ಅಡ್ಡಬಂದ ಅನಿಲ ಮೋಡಗಳು ಎಕ್ಸ್-ಕಿರಣವನ್ನು ಹೀರಿಕೊಂಡರೂ ರೋಹಿತ ಹೀಗೆಯೇ ಕಾಣಬಹುದೆಂದು 2008ರಲ್ಲಿ ಕೆಲವರು ವಾದಿಸಿದರು. ಎರಡು ವಿವರಣೆಗಳ ವ್ಯತ್ಯಾಸ ಸ್ಪಷ್ಟವಾಗುವುದು ಇನ್ನೂ ಹೆಚ್ಚಿನ ಶಕ್ತಿಯ ಕಿರಣಗಳಲ್ಲಿ. 79 ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗೆ ನೋಡಬಲ್ಲ ನುಸ್ಟಾರ್ ದೂರದರ್ಶಕ 2012ರಲ್ಲಿ ಹಾರಿತು. ಎನ್‌ಜಿಸಿ 1365 ಗೆಲಾಕ್ಸಿಯ ರೋಹಿತವನ್ನು ಹೀರಿಕೆಯೊಂದರಿಂದಲೇ ವಿವರಿಸಲಾಗದೆಂದು 2013ರಲ್ಲಿ ಅದರ ದತ್ತಾಂಶ ತೋರಿಸಿತು. 2023ರಲ್ಲಿ ಹಾರಿದ ಜಪಾನಿನ ಕ್ರಿಸ್ಮ್ ಉಪಗ್ರಹ ಮರುವರ್ಷ ಎಂಸಿಜಿ-6-30-15ನ್ನು ನೋಡಿದಾಗ, ದೂರದ ಅನಿಲದ ಕಿರಿದಾದ ರೇಖೆಗಳನ್ನು ಬೇರ್ಪಡಿಸಿದ ಮೇಲೂ ಅಗಲವಾದ ರೇಖೆ ಉಳಿದೇ ಇತ್ತು.

ಡಾಪ್ಲರ್ ಪರಿಣಾಮದ ಪಾಠ ಮಾಡುವಾಗ ರೈಲಿನ ಸಿಳ್ಳಿನ ಜೊತೆಗೆ ಈ ರೇಖೆಯ ಕಥೆಯನ್ನೂ ಹೇಳಿ. ಒಂದು ಲೆಕ್ಕಾಚಾರ ಉಪಕರಣಕ್ಕಾಗಿ ಕಾದದ್ದು, ಬಳಿಕ ಆಕ್ಷೇಪಣೆಯನ್ನು ಎದುರಿಸಿ ನಿಂತದ್ದು ಎರಡೂ ವಿಜ್ಞಾನದ ಪಾಠವೇ.