ಪುಣೆಯ ಪ್ಲೇಗ್: ಜನ ಹೆದರಿದ್ದು ಯಾವುದಕ್ಕೆ?

ಹೈಸ್ಕೂಲಿನ ಇತಿಹಾಸ ಪಾಠದಲ್ಲಿ ಚಾಪೇಕರ್ ಸಹೋದರರ ಹೆಸರನ್ನು ನೀವು ಓದಿರಬಹುದು. 1897ರ ಜೂನ್ 22ರ ರಾತ್ರಿ ಪುಣೆಯಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವ ಮುಗಿಸಿ ಮರಳುತ್ತಿದ್ದ ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಎಂಬ ಅಧಿಕಾರಿಯ ಮೇಲೆ ಗುಂಡು ಹಾರಿಸಿದವರು ಇವರು. ಇನ್ನೊಂದು ಗಾಡಿಯಲ್ಲಿದ್ದ ಲೆಫ್ಟಿನೆಂಟ್ ಅಯರ್ಸ್ಟ್ ಅಂದೇ ಸತ್ತರು, ರ‍್ಯಾಂಡ್ ಜುಲೈ 3ರಂದು ತೀರಿಕೊಂಡರು. ಪರೀಕ್ಷೆಗೆ ಇಷ್ಟು ಸಾಕು. ಆದರೆ ರ‍್ಯಾಂಡ್ ಅಲ್ಲಿಗೆ ಬಂದದ್ದು ಪ್ಲೇಗ್ ತಡೆಯುವ ಕೆಲಸಕ್ಕೆ. ರೋಗ ತಡೆಯಲು ಬಂದವನನ್ನು ಊರು ಯಾಕೆ ಅಷ್ಟೊಂದು ದ್ವೇಷಿಸಿತು? ಈ ಪ್ರಶ್ನೆಯನ್ನು ಪಾಠ ಕೇಳುವುದಿಲ್ಲ. ನಾವು ಕೇಳೋಣ.

ಪ್ಲೇಗ್ ಮೊದಲು ದೂರದ ಸುದ್ದಿಯಾಗಿತ್ತು. 1894ರಲ್ಲಿ ಅದು ಹಾಂಗ್‌ಕಾಂಗಿನಲ್ಲಿತ್ತು. ಅಲೆಕ್ಸಾಂಡರ್ ಯೆರ್ಸಿನ್ ಅದರ ರೋಗಾಣುವನ್ನು ಗುರುತಿಸಿದ್ದು ಅದೇ ವರ್ಷ, ಅಲ್ಲೇ. ನಮ್ಮ ಕಡೆಯವರಿಗೆ ಅದು ಚೀನಾದವರ ಕಾಯಿಲೆ, ಅಷ್ಟೆ. 1896ರ ಸೆಪ್ಟೆಂಬರಿನಲ್ಲಿ ಬೊಂಬಾಯಿಯ ಮಾಂಡವಿ ಬಂದರಿನ ಬಳಿ ಡಾ. ಅಕಾಸಿಯೊ ವಿಯೆಗಾಸ್ ಎಂಬ ಗೋವಾ ಮೂಲದ ವೈದ್ಯರು ಇದು ಪ್ಲೇಗ್ ಎಂದು ಹೇಳಿದರು. ಲಕ್ಷಾಂತರ ಜನ ಬೊಂಬಾಯಿ ಬಿಟ್ಟು ಹೊರಟರು. ಪುಣೆಗೆ ಅಲ್ಲಿಂದ ನೇರ ರೈಲಿತ್ತು. ಕೆಲವೇ ತಿಂಗಳಲ್ಲಿ ದೂರದ ಸುದ್ದಿ ಬೀದಿಯ ಸುದ್ದಿಯಾಯಿತು.

ಇದೇ ಹೊತ್ತಿಗೆ ಇನ್ನೊಂದು ಕಡೆ ಬೇರೆ ಭಯ ಹುಟ್ಟಿತ್ತು. ಯುರೋಪಿನ ದೇಶಗಳಿಗೆ ಈಗ ಹಿಂದೂಸ್ತಾನವೇ ದೂರದ ರೋಗದ ನಾಡು. 1865ರಲ್ಲಿ ಹಜ್ ಕಾಲದಲ್ಲಿ ಮಕ್ಕಾದಲ್ಲಿ ಹರಡಿದ ಕಾಲರಾ ಈಜಿಪ್ಟ್ ದಾಟಿ ಯುರೋಪ್ ತಲುಪಿದ್ದನ್ನು ಅವರು ಮರೆತಿರಲಿಲ್ಲ. 1897ರ ಫೆಬ್ರವರಿ-ಮಾರ್ಚ್‌ನಲ್ಲಿ ವೆನಿಸ್ ನಗರದಲ್ಲಿ ಪ್ಲೇಗ್ ಬಗ್ಗೆಯೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ತಮ್ಮ ಬಂದರುಗಳ ವ್ಯಾಪಾರ ನಿಂತೀತು ಎಂಬುದು ಬ್ರಿಟಿಷರ ದೊಡ್ಡ ಚಿಂತೆ. ಆ ವರ್ಷ ಸರ್ಕಾರ ಇಲ್ಲಿಂದ ಹಜ್ ಹಡಗುಗಳನ್ನು ನಿಲ್ಲಿಸಿತು. ವರ್ಷಗಟ್ಟಲೆ ಕಾಸು ಕೂಡಿಟ್ಟವರು ಊರಲ್ಲೇ ಉಳಿದರು. ರೋಗ ತಡೆಯಲು ಪ್ರಯಾಣ ನಿಲ್ಲಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ದೂರದಲ್ಲಿ ಕುಳಿತು ಅಪಾಯವನ್ನು ಅಳೆಯುವವರಿಗೆ ಮೊದಲು ಕಾಣುವುದು ಯಾರು ಅಂತ ಗಮನಿಸಿ.

ಈಗ ಪುಣೆಗೆ ಬನ್ನಿ. 1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂತು. ಕೊರೊನಾ ಕಾಲದಲ್ಲಿ ಹೊರಗೆ ತೆಗೆದದ್ದೂ ಇದೇ ಕಾಯಿದೆಯನ್ನು. ಮಾರ್ಚ್‌ನಲ್ಲಿ ರ‍್ಯಾಂಡ್ ನೇತೃತ್ವದ ಪ್ಲೇಗ್ ಸಮಿತಿ ಕೆಲಸ ಶುರುಮಾಡಿತು. ಮನೆಮನೆ ತಪಾಸಣೆಗೆ ಬಂದವರು ಡಾಕ್ಟರಲ್ಲ, ಬಿಳಿ ಸೈನಿಕರು. ಅಡುಗೆಮನೆ, ದೇವರ ಕೋಣೆ, ಜನಾನಾ, ಎಲ್ಲಾ ಕಡೆ ನುಗ್ಗಿದರು. ಕಾಯಿಲೆಯವರನ್ನು ಆಸ್ಪತ್ರೆಗೂ, ಮನೆಯ ಉಳಿದವರನ್ನು ಕ್ಯಾಂಪಿಗೂ ಸಾಗಿಸಿದರು. ಸಾಮಾನು ಸುಟ್ಟರು, ನೆಲ ಅಗೆದರು. ಪರ್ದಾದ ಹೆಂಗಸರ ಕಂಕುಳು, ತೊಡೆಸಂದು ಮುಟ್ಟಿ ಗಡ್ಡೆ ಹುಡುಕುವುದೆಂದರೆ ಆ ಮನೆಯವರಿಗೆ ಏನನ್ನಿಸಿರಬೇಕು, ನೀವೇ ಯೋಚಿಸಿ. ಈ ವಿಷಯದಲ್ಲಿ ಹಿಂದೂ ಮುಸ್ಲಿಂ ಎಂಬ ಭೇದ ಇರಲಿಲ್ಲ. ಇಬ್ಬರ ಸಂಕಟವೂ ಒಂದೇ.

ಬೊಂಬಾಯಿಯಲ್ಲಿ 1898ರ ಮಾರ್ಚ್ 9ರಂದು ಮದನಪುರದ ಜುಲಾಹಾ ನೇಕಾರರ ಮನೆಯೊಂದಕ್ಕೆ ತಪಾಸಣೆಯವರು ಬಂದು ಕಾಯಿಲೆಯ ಹುಡುಗಿಯೊಬ್ಬಳನ್ನು ಪರೀಕ್ಷಿಸಲು ಹೊರಟಾಗ ಗಲಭೆಯೇ ಆಯಿತು. ಅದಕ್ಕೂ ಮೊದಲು, 1896ರ ಅಕ್ಟೋಬರಿನಲ್ಲಿ, ಗಿರಣಿ ಕಾರ್ಮಿಕರು ಆರ್ಥರ್ ರಸ್ತೆಯ ಆಸ್ಪತ್ರೆಗೆ ಮುತ್ತಿಗೆ ಹಾಕಿದ್ದರು. ಆಸ್ಪತ್ರೆಯಲ್ಲಿ ಹೆಣದಿಂದ ಎಣ್ಣೆ ಇಳಿಸುತ್ತಾರೆ, ವಿಷ ಕೊಟ್ಟು ಸಾಯಿಸುತ್ತಾರೆ ಎಂಬ ಅಫ್ವಾಗಳು ಹರಡಿದ್ದವು. ಇವನ್ನು ಕೇಳಿ ಈಗ ನಗುವುದು ಸುಲಭ. ಆದರೆ ಆಸ್ಪತ್ರೆಗೆ ಹೋದವರಲ್ಲಿ ಬಹಳ ಮಂದಿ ಜೀವಂತ ಮರಳುತ್ತಿರಲಿಲ್ಲ ಎಂಬುದು ಜನ ಕಣ್ಣಾರೆ ಕಂಡ ಸತ್ಯ. ಕಾರಣ ತಿಳಿಸಿ ಹೇಳುವವರು ಇಲ್ಲದ ಕಡೆ ಕಾರಣವನ್ನು ಜನವೇ ಕಟ್ಟಿಕೊಳ್ಳುತ್ತಾರೆ.

ಇನ್ನೊಂದು ಮಾತು. ಸರ್ಕಾರಕ್ಕೆ ಎಲ್ಲಾ ತಿಳಿದಿತ್ತು, ಜನರಿಗೆ ಏನೂ ತಿಳಿದಿರಲಿಲ್ಲ ಅಂತ ಭಾವಿಸಬೇಡಿ. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗ್ ಹರಡುತ್ತದೆಂದು ಪಾಲ್ ಲೂಯಿ ಸಿಮೊಂ ತೋರಿಸಿದ್ದು 1898ರಲ್ಲಿ, ಕರಾಚಿಯಲ್ಲಿ. ವೈದ್ಯಲೋಕ ಅದನ್ನು ಒಪ್ಪಲು ಇನ್ನೂ ವರ್ಷಗಳು ಹಿಡಿದವು. ಅಂದರೆ ಪುಣೆಯಲ್ಲಿ ನೆಲ ಅಗೆದ ಸೈನಿಕರಿಗೆ ತಮ್ಮ ಶತ್ರು ಯಾರೆಂದೇ ಗೊತ್ತಿರಲಿಲ್ಲ. ನಮ್ಮ ಹಳ್ಳಿಯ ಜನರಿಗೋ, ಮನೆಯಲ್ಲಿ ಇಲಿ ಬಿತ್ತೆಂದರೆ ಊರು ಬಿಡಬೇಕೆಂಬುದು ಅನುಭವದಿಂದ ತಿಳಿಯಿತು. ಹೊಲದಲ್ಲಿ ಗುಡಿಸಲು ಹಾಕಿ ತಿಂಗಳುಗಟ್ಟಲೆ ಇದ್ದವರು ಬದುಕಿಕೊಂಡರು. ಅಪಾಯವನ್ನು ಅವರು ಸರಿಯಾಗಿಯೇ ಅಳೆದಿದ್ದರು.

ಹಾಗಾದರೆ ಜನ ಯಾರ ಮಾತು ಕೇಳಿದರು? ಮೂರು ಉದಾಹರಣೆ ಕೊಡುತ್ತೇನೆ. ಸೈನಿಕರ ತಪಾಸಣೆ ಶುರುವಾದ ಅದೇ ಮಾರ್ಚ್ ತಿಂಗಳ 10ರಂದು ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ತೀರಿಕೊಂಡರು. ಡಾಕ್ಟರ್ ಮಗ ಯಶವಂತನ ಜೊತೆ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಾ ಅವರಿಗೂ ರೋಗ ತಗುಲಿತ್ತು. ಎರಡನೆಯದು ಬೊಂಬಾಯಿಯಿಂದ. ವಾಲ್ಡೆಮಾರ್ ಹಾಫ್ಕಿನ್ ಎಂಬ ಯಹೂದಿ ವಿಜ್ಞಾನಿ 1897ರ ಜನವರಿ 10ರಂದು ತಾನು ತಯಾರಿಸಿದ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡ. ಆಗಿನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಮೂರನೇ ಆಗಾ ಖಾನ್ ತಮ್ಮ ಜಮಾತಿನವರ ಎದುರಿಗೇ ಅದನ್ನು ಹಾಕಿಸಿಕೊಂಡರು, ಹಾಫ್ಕಿನ್‌ಗೆ ಕೆಲಸ ಮಾಡಲು ಜಾಗವನ್ನೂ ಕೊಟ್ಟರು. ಖೋಜಾ ಜನ ಲಸಿಕೆಗೆ ಮುಂದೆ ಬಂದರು. ಮೂರನೆಯದು ನಮ್ಮದೇ ಹುಬ್ಬಳ್ಳಿ. 1898ರಲ್ಲಿ ಅಲ್ಲಿ ಹತ್ತಾರು ಸಾವಿರ ಮಂದಿ ಈ ಲಸಿಕೆ ಹಾಕಿಸಿಕೊಂಡರು. ಅದೇ ವರ್ಷ ಆಗಸ್ಟ್‌ನಲ್ಲಿ ಪ್ಲೇಗ್ ರೈಲು ಹತ್ತಿ ಬೆಂಗಳೂರಿಗೆ ಬಂತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ಪೆಟ್ಟಿನ ನಂತರ.

ನಮ್ಮ ಪರಂಪರೆಯಲ್ಲೂ ಇದಕ್ಕೊಂದು ಪಾಠವಿದೆ. ಖಲೀಫ ಉಮರ್ (ರ) ಶಾಮ್ ದೇಶಕ್ಕೆ ಹೊರಟು ಸರ್ಗ್ ಎಂಬಲ್ಲಿಗೆ ತಲುಪಿದಾಗ ಮುಂದೆ ತಾಊನ್ ಹರಡಿದೆ ಎಂಬ ಸುದ್ದಿ ಬಂತು. ಅವರು ಒಬ್ಬರೇ ತೀರ್ಮಾನಿಸಲಿಲ್ಲ. ಮುಹಾಜಿರರನ್ನು ಕರೆದು ಕೇಳಿದರು, ಅನ್ಸಾರರನ್ನು ಕೇಳಿದರು, ಖುರೈಶಿನ ಹಿರಿಯರನ್ನು ಕೇಳಿದರು. ಆಮೇಲೆ ಮರಳುವ ನಿರ್ಧಾರ ಮಾಡಿದರು. ಅಲ್ಲಾಹನ ವಿಧಿಯಿಂದ ಓಡುತ್ತೀರಾ ಎಂದು ಅಬೂ ಉಬೈದಾ (ರ) ಕೇಳಿದಾಗ, ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟರು. ರೋಗ ಇರುವ ಊರಿಗೆ ಹೋಗಬೇಡಿ, ಅಲ್ಲಿರುವವರು ಹೊರಗೆ ಓಡಬೇಡಿ ಎಂಬ ಪ್ರವಾದಿವರ್ಯರ (ಸ) ಮಾತನ್ನು ಅಬ್ದುರ‍್ರಹ್ಮಾನ್ ಬಿನ್ ಔಫ್ (ರ) ನೆನಪಿಸಿದ್ದು ಆಗಲೇ. ದೂರದ ರೋಗದ ಸುದ್ದಿ ಬಂದಾಗ ಅವರು ಮಾಡಿದ್ದು ಮೂರು ಕೆಲಸ: ಸುದ್ದಿಯನ್ನು ಗಂಭೀರವಾಗಿ ತಗೊಂಡರು, ಜನರನ್ನು ಕೇಳಿದರು, ಕಾರಣ ವಿವರಿಸಿದರು. ರ‍್ಯಾಂಡ್ ಸಮಿತಿ ಮೊದಲನೆಯದನ್ನು ಮಾಡಿತು, ಉಳಿದೆರಡನ್ನು ಬಿಟ್ಟಿತು.

ಪುಣೆಗೆ ಇದು ಮತ್ತೆ ಎದುರಾಯಿತು. 2009ರ ಏಪ್ರಿಲ್‌ನಲ್ಲಿ ಎಚ್1ಎನ್1 ಅಂದರೆ ಮೆಕ್ಸಿಕೊದ ಸುದ್ದಿ. ಆಗಸ್ಟ್ 3ರಂದು ಪುಣೆಯ ಶಾಲಾ ಬಾಲಕಿಯೊಬ್ಬಳು ಅದಕ್ಕೆ ಬಲಿಯಾದಳು. ದೇಶದಲ್ಲಿ ಅದು ಮೊದಲ ಸಾವು. ಮರುದಿನದಿಂದ ನಾಯ್ಡು ಆಸ್ಪತ್ರೆಯ ಮುಂದೆ ಸಾಲು, ಅಂಗಡಿಗಳಲ್ಲಿ ಮಾಸ್ಕ್ ಖಾಲಿ, ಶಾಲೆಗಳಿಗೆ ರಜೆ. ನಿನ್ನೆಯವರೆಗೆ ಏನೂ ಅಲ್ಲದ್ದು ಇವತ್ತು ಎಲ್ಲವೂ ಆಯಿತು. 2020ರಲ್ಲಿ ಭಯಕ್ಕೆ ಒಂದು ಮುಖ ಬೇಕಾಯಿತು, ತಬ್ಲೀಗಿಗಳ ಮುಖ ಸಿಕ್ಕಿತು. ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ವಿದೇಶಿ ತಬ್ಲೀಗಿಗಳ ಮೇಲಿನ ಎಫ್‌ಐಆರ್‌ಗಳನ್ನು ರದ್ದು ಮಾಡಿ, ಅವರನ್ನು ಬಲಿಪಶು ಮಾಡಿದಂತಿದೆ ಎಂದಿತು. ಆದರೆ ಅಷ್ಟರಲ್ಲಿ ಎಷ್ಟೋ ಬೀದಿಗಳಲ್ಲಿ ನಮ್ಮ ತರಕಾರಿ ಮಾರುವವರ ಹೊಟ್ಟೆಗೆ ಪೆಟ್ಟು ಬಿದ್ದಾಗಿತ್ತು.

ಅದಕ್ಕೇ ಹೇಳುವುದು: ರೋಗ ದೂರ ಇರುವಾಗಲೇ ಭರೋಸಾ ಕಟ್ಟಿಕೊಳ್ಳಬೇಕು. ನಮ್ಮ ಮೊಹಲ್ಲಾದ ಡಾಕ್ಟರು, ಆಶಾ ಕಾರ್ಯಕರ್ತೆ, ಮಸೀದಿಯ ಇಮಾಮರು, ಶಾಲೆಯ ಟೀಚರು, ಇವರು ಒಬ್ಬರಿಗೊಬ್ಬರು ಮೊದಲೇ ಪರಿಚಯವಿದ್ದರೆ ಅಫ್ವಾ ಬಂದ ದಿನ ಜನ ಯಾರ ಮನೆ ಬಾಗಿಲು ತಟ್ಟಬೇಕೆಂದು ಹುಡುಕಬೇಕಾಗಿಲ್ಲ. ಮೊಬೈಲಿಗೆ ಬಂದ ಮಾತನ್ನು ಮುಂದೆ ಕಳಿಸುವ ಮೊದಲು ಅವರಲ್ಲಿ ಒಬ್ಬರನ್ನಾದರೂ ಕೇಳಿ. ಲಸಿಕೆ ಬಂದರೆ ಹಿರಿಯರು ಮೊದಲು ತೋಳು ಚಾಚಲಿ. ಪುಣೆಯ ಜನರಿಗೆ 1897ರಲ್ಲಿ ಸಿಗದೇ ಹೋದದ್ದು ಅಂಥ ಒಂದು ಬಾಗಿಲು.