ಕೊಲರಾಡೊ: ಒಪ್ಪಂದ ತಿದ್ದದೆಯೇ ನೀರಿನ ಕೊರತೆ ಹಂಚಿಕೊಂಡ ಅಮೆರಿಕ, ಮೆಕ್ಸಿಕೊ

ಅಮೆರಿಕದಿಂದ ಮೆಕ್ಸಿಕೊಗೆ ಹರಿಯುವ ಕೊಲರಾಡೊ ನದಿಯ ನೀರು ಹಂಚಿಕೆಯಾಗುವುದು 1944ರ ಒಪ್ಪಂದದಂತೆ. ಮೆಕ್ಸಿಕೊ ಪಾಲು ವರ್ಷಕ್ಕೆ, ನಮ್ಮ ಲೆಕ್ಕದಲ್ಲಿ, ಸುಮಾರು 65 ಟಿಎಂಸಿ ಅಡಿ. ಮೆಕ್ಸಿಕಾಲಿ ಕಣಿವೆಯ ರೈತರು ನಂಬಿರುವುದು ಈ ನೀರನ್ನೇ. ಉಸ್ತುವಾರಿ ಎರಡೂ ದೇಶಗಳ ಅಂತಾರಾಷ್ಟ್ರೀಯ ಗಡಿ ಮತ್ತು ಜಲ ಆಯೋಗದ್ದು.

'ಅಸಾಧಾರಣ ಬರ' ಬಂದರೆ ಮೆಕ್ಸಿಕೊಗೆ ಬಿಡುವ ನೀರನ್ನು ಕಡಿತ ಮಾಡಬಹುದು ಎನ್ನುತ್ತದೆ ಒಪ್ಪಂದ. ಆದರೆ ಯಾವ ಬರ ಅಸಾಧಾರಣ ಎಂದು ಅದರಲ್ಲಿ ಬರೆದಿಲ್ಲ. ಕಾವೇರಿಯ 'ಸಂಕಷ್ಟ ಸೂತ್ರ'ದ ಜಗಳ ಕಂಡವರಿಗೆ ಇದರ ತೊಡಕು ಬಿಡಿಸಿ ಹೇಳಬೇಕಿಲ್ಲ.

2000ರಿಂದೀಚೆಗೆ ಬರ ಬಿಡದೆ ಕಾಡಿತು, ತಾಪಮಾನ ಏರಿ ಹರಿವೂ ಕುಗ್ಗಿತು. ಒಪ್ಪಂದ ತಿದ್ದಲು ಎರಡೂ ಸೆನೆಟ್‌ಗಳ ಒಪ್ಪಿಗೆ ಬೇಕು. ಹಾಗಾಗಿ ಆಯೋಗ ಹಿಡಿದಿದ್ದು 'ಮಿನಿಟ್' ದಾರಿ; ಅಂದರೆ ಎರಡೂ ಸರ್ಕಾರಗಳು ಒಪ್ಪಿದರೆ ಜಾರಿಯಾಗುವ ನಿರ್ಣಯ. ಮೀಡ್ ಜಲಾಶಯದ ಮಟ್ಟ ಎಷ್ಟು ಇಳಿದರೆ ಎಷ್ಟು ಕಡಿತ ಎಂಬುದನ್ನು 2012ರ 319ನೇ ಮಿನಿಟ್ ಮೊದಲೇ ಗೊತ್ತುಪಡಿಸಿತು. ಮೆಕ್ಸಿಕೊ ತಾನು ಉಳಿಸಿದ ನೀರನ್ನು ಅದೇ ಜಲಾಶಯದಲ್ಲಿ ಕೂಡಿಡಲೂ ಅವಕಾಶ ಸಿಕ್ಕಿತು. 2014ರಲ್ಲಿ ಒಣಗಿದ್ದ ಮುಖಜಭೂಮಿಗೆಂದೇ ಸುಮಾರು 4.6 ಟಿಎಂಸಿ ಅಡಿ ಬಿಟ್ಟಾಗ ನದಿ ಮತ್ತೆ ಸಮುದ್ರ ಮುಟ್ಟಿತು.

2017ರ 323ನೇ ಮಿನಿಟ್ ಇದನ್ನೇ ಮುಂದುವರಿಸಿತು. ಮೊದಲ ಬಾರಿ ಕೊರತೆ ಘೋಷಣೆಯಾಗಿ, 2022ರಲ್ಲಿ ಕಡಿತ ಮತ್ತು ಉಳಿತಾಯ ಸೇರಿ ಮೆಕ್ಸಿಕೊ ಸುಮಾರು 3.5 ಟಿಎಂಸಿ ಅಡಿ ಕಡಿಮೆ ಪಡೆಯಿತು. ಈ ಮಿನಿಟ್‌ನ ಅವಧಿ 2026ರ ಕೊನೆಯವರೆಗೆ ಮಾತ್ರ.